ನಿಂತಲ್ಲೇ ಸೊರಗುವ ಬ್ಯಾಟರಿ

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಅಂಗಳದಲ್ಲಿ ಕಾರಿದ್ದೂ ಓಡಿಸುವವರಿಲ್ಲದ ಮನೆಗಳು ಬೇಕಾದಷ್ಟಿವೆ. ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿದ್ದಾನೆ. ಮನೆಯಲ್ಲಿರುವ ನಿವೃತ್ತ ಮಾಸ್ತರರಿಗೆ ಸಂತೆಗೂ ಬ್ಯಾಂಕಿಗೂ ಬೈಕೇ ಸಾಕು. ಕಾರಿನ ಹೊದಿಕೆ ಸರಿಯುವುದು ದೀಪಾವಳಿಗೆ, ಚಿಂಚಲಿ ಮಾಯಕ್ಕನ ಜಾತ್ರೆಗೆ, ಇಲ್ಲವೇ ಮಿರಜಿನ ಆಸ್ಪತ್ರೆಗೆ ತರಾತುರಿಯಲ್ಲಿ ಹೊರಡಬೇಕಾದಾಗ. ಆ ಹೊತ್ತಿಗೇ ಕೀಲಿ ತಿರುವಿದರೆ ಬಾನೆಟ್ಟಿನೊಳಗಿಂದ ‘ಟಕ್ ಟಕ್’ ಎಂಬ ಸದ್ದಷ್ಟೇ ಕೇಳಿಸುತ್ತದೆ. ‘ಬ್ಯಾಟರಿ ಕುಂತೈತ್ರಿ, ಹೊಸಾದು ಹಾಕೂನು’ ಎನ್ನುತ್ತಾನೆ ಗ್ಯಾರೇಜಿನವ. ಹೊಸದು ಬರುತ್ತದೆ, ಎರಡು ವರ್ಷ ತುಂಬುವುದರೊಳಗೆ ಅದೂ ಕೂರುತ್ತದೆ. ಬೈಗುಳ ಮಾತ್ರ ಕಂಪನಿಯ ಪಾಲು.

ಎಲ್ಲ ಸಲ ಕಂಪನಿಯ ತಪ್ಪಿರುವುದಿಲ್ಲ. ಕಡಿಮೆ ಓಡುವ ಕಾರಿನ ಬ್ಯಾಟರಿ ದುಡಿದು ಸವೆಯುವುದಲ್ಲ, ನಿಂತು ಹಾಳಾಗುತ್ತದೆ. ಸ್ವಲ್ಪ ಲೆಕ್ಕ ಹಾಕಿದರೆ ಇದು ತಿಳಿಯುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರು 150 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಕೇಳಲು ಭಾರೀ ಎನ್ನಿಸುತ್ತದೆ, ಆದರೆ ಅದೆಲ್ಲ ಎರಡು ಸೆಕೆಂಡಿನ ಮಾತು. ಅಷ್ಟರಲ್ಲಿ ಖರ್ಚಾಗುವುದು ಒಂದು ಆಂಪಿಯರ್-ಗಂಟೆಯ ಹನ್ನೆರಡನೇ ಒಂದು ಪಾಲು. ಇನ್ನೊಂದು ಕಡೆ, ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲೂ ಗಡಿಯಾರ, ಕಳ್ಳರ ಅಲಾರಂ, ರಿಮೋಟ್ ಕೀಲಿಯ ಸಂಕೇತಕ್ಕೆ ಕಾದು ಕೂತ ರಿಸೀವರು, ಎಂಜಿನ್ ಕಂಪ್ಯೂಟರಿನ ನೆನಪು ಇವೆಲ್ಲ ಹಗಲೂ ರಾತ್ರಿ ಕರೆಂಟು ಕುಡಿಯುತ್ತಿರುತ್ತವೆ. ಎಲ್ಲ ಕೂಡಿ ಬರೀ 30 ಮಿಲಿ ಆಂಪಿಯರ್ ಎಂದುಕೊಂಡರೂ ದಿನಕ್ಕೆ 0.72 ಆಂಪಿಯರ್-ಗಂಟೆ. ಅಂದರೆ ಕಾರು ಒಂದು ದಿನ ಸುಮ್ಮನೆ ನಿಂತರೆ ಎಂಟು ಸಲ ಸೆಲ್ಫ್ ಹೊಡೆದಷ್ಟು ಶಕ್ತಿ ಸೋರಿಹೋಗುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ ಇಪ್ಪತ್ತನಾಲ್ಕು ದಿನಕ್ಕೆ ಅರ್ಧ ಬರಿದು, ಏಳು ವಾರಕ್ಕೆ ಪೂರ್ತಿ ಬರಿದು. ದೀಪಾವಳಿ ಮುಗಿಸಿ ನಿಲ್ಲಿಸಿದ ಕಾರು ಮಾಯಕ್ಕನ ಜಾತ್ರೆಗೆ ಏಳದಿದ್ದರೆ ಅಚ್ಚರಿಪಡಬೇಕಿಲ್ಲ.

ಆಮೇಲೆ ಸೇರಿಸಿಕೊಂಡ ಸಾಮಾನುಗಳು ಈ ಸೋರಿಕೆಯನ್ನು ಇನ್ನೂ ಹೆಚ್ಚಿಸುತ್ತವೆ. ಜಿಪಿಎಸ್ ಟ್ರ್ಯಾಕರು, ಡ್ಯಾಶ್ ಕ್ಯಾಮೆರಾ, ಕೀಲಿಯ ಹಂಗಿಲ್ಲದೆ ನೇರ ಬ್ಯಾಟರಿಗೇ ವೈರು ಕೊಟ್ಟ ಸ್ಟೀರಿಯೊ, ಡಿಕ್ಕಿ ಮುಚ್ಚಿದರೂ ಆರದ ದೀಪ, ಎಲ್ಲವೂ ಶಂಕಿತರೇ. ಫಾಸ್ಟ್ಯಾಗ್ ಮಾತ್ರ ನಿರಪರಾಧಿ. ನಿಪ್ಪಾಣಿ ಸಮೀಪದ ಕೊಗನೊಳ್ಳಿ ಟೋಲ್ ನಾಕಾದಲ್ಲಿ ಗಾಜಿನ ಮೇಲಿನ ಆ ಚೀಟಿ ಕೆಲಸ ಮಾಡುವುದು ನಾಕಾದ ಯಂತ್ರ ಕಳಿಸುವ ರೇಡಿಯೊ ಅಲೆಯ ಶಕ್ತಿಯಿಂದಲೇ. ಕಾರಿನ ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ.

ಬರಿದಾದದ್ದನ್ನು ಮತ್ತೆ ತುಂಬಿದರಾಯಿತಲ್ಲ ಎಂದರೆ, ತೊಂದರೆ ಇರುವುದೇ ಅಲ್ಲಿ. ಫ್ರಾನ್ಸಿನ ಗ್ಯಾಸ್ತೋನ್ ಪ್ಲಾಂಟೆ 1859ರಲ್ಲಿ ಕಟ್ಟಿದ ಸೀಸ-ಆಮ್ಲದ ಕೋಶದ ರಸಾಯನಕ್ರಿಯೆ ಇಂದಿಗೂ ಅದೇ. ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡ್, ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಕರೆಂಟು ಹರಿದುಹೋದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡಿದರೆ ಸಲ್ಫೇಟು ಕರಗಿ ಎಲ್ಲ ಮೊದಲಿನಂತಾಗುತ್ತದೆ. ಆದರೆ ಬೇಗ ಚಾರ್ಜ್ ಮಾಡಿದರೆ ಮಾತ್ರ. ಆಗಷ್ಟೇ ಕೂತ ಸಲ್ಫೇಟಿನ ಹರಳುಗಳು ಬಲು ಸಣ್ಣವು. ವಾರಗಟ್ಟಲೆ ಬಿಟ್ಟರೆ ಸಣ್ಣವು ಕರಗಿ ದೊಡ್ಡವಕ್ಕೆ ಸೇರುತ್ತ ಹೋಗುತ್ತವೆ. ಪುಡಿ ಸಕ್ಕರೆ ಚಹಾದಲ್ಲಿ ಕ್ಷಣದಲ್ಲಿ ಕರಗುತ್ತದೆ, ಅದೇ ಸಕ್ಕರೆಯ ಪಾಕವನ್ನು ಅಲುಗಾಡಿಸದೆ ಇಟ್ಟಾಗ ಕಟ್ಟಿದ ಕಲ್ಲುಸಕ್ಕರೆ ಲೋಟದ ತಳದಲ್ಲಿ ಹಾಗೇ ಉಳಿಯುತ್ತದೆ. ಗಟ್ಟಿಯಾದ ಸಲ್ಫೇಟೂ ಅಷ್ಟೇ, ಚಾರ್ಜರಿಗೆ ಬಗ್ಗುವುದಿಲ್ಲ. ಅದು ಆವರಿಸಿದಷ್ಟು ಫಲಕ ಕೆಲಸಕ್ಕೆ ಬಾರದಂತಾಗುತ್ತದೆ. ಋಣ ಫಲಕದಲ್ಲಿ ಇಂಗಾಲ ಬೆರೆಸಿದರೆ ಈ ಗಟ್ಟಿಯಾಗುವಿಕೆ ತಗ್ಗುತ್ತದೆಂದು ಗೊತ್ತಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ. ಶುಕ್ಲಾ ಅವರ ತಂಡ ಸೀಸ-ಇಂಗಾಲ ಜೋಡಿಯ ಮೇಲೆ ದುಡಿದಿದೆ. ಆದರೂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ ಬ್ಯಾಟರಿ ಹಸಿದು ನಿಲ್ಲುವುದನ್ನು ಸಹಿಸುವುದಿಲ್ಲ.

ಬಿಸಿಲು ಇದಕ್ಕೆ ಕೈಜೋಡಿಸುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬರಿದಾಗುವ ವೇಗ ಇಮ್ಮಡಿಯಾಗುತ್ತದೆ, ಒಳಗಿನ ಸೀಸದ ಜಾಲರಿ ಸವೆಯುವುದೂ ಹೆಚ್ಚುತ್ತದೆ. ಸಹ್ಯಾದ್ರಿಗೆ ಹತ್ತಿರವಾದ ನಿಪ್ಪಾಣಿಗಿಂತ ಪೂರ್ವದ ಒಣಸೀಮೆಯಾದ ಅಥಣಿಯಲ್ಲಿ ಬೇಸಿಗೆ ಖಾರ. ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಡಿ ಬಾನೆಟ್ಟು ಮುಚ್ಚಿ ನಿಂತ ಕಾರಿಗಿಂತ ಬೇವಿನ ಮರದ ನೆರಳಲ್ಲಿ ನಿಂತ ಕಾರಿನ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಇದಕ್ಕೆ ಖರ್ಚೂ ಇಲ್ಲ.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ಸತ್ತಿದೆಯೋ ಬರೀ ಹಸಿದಿದೆಯೋ ನೋಡಬೇಕು. ಎಲೆಕ್ಟ್ರಿಕಲ್ ಅಂಗಡಿಯ ಅಗ್ಗದ ಮಲ್ಟಿಮೀಟರು ಸಾಕು. ಕಾರು ನಿಂತು ಒಂದು ರಾತ್ರಿ ಕಳೆದ ಮೇಲೆ ಅಳೆದಾಗ 12.6 ವೋಲ್ಟ್ ಇದ್ದರೆ ತುಂಬಿದ ಬ್ಯಾಟರಿ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಬರಿದು. ಹೊರಗೆ ತೆಗೆದು ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ದಿನ ಸುಮ್ಮನೆ ಬಿಟ್ಟು ಮತ್ತೆ ಅಳೆಯಬೇಕು. 12.5ರ ಮೇಲೆ ನಿಂತಿತೆಂದರೆ ಅದರಲ್ಲಿ ಇನ್ನೂ ಜೀವವಿದೆ, ಅಂಗಡಿಯ ಲೋಡ್ ಟೆಸ್ಟರಿನಲ್ಲಿ ಒಮ್ಮೆ ಖಾತ್ರಿ ಮಾಡಿಕೊಂಡರಾಯಿತು. ಎಂಜಿನ್ ಚಾಲೂ ಇದ್ದಾಗ 13.8ರಿಂದ 14.5 ವೋಲ್ಟ್ ಕಾಣದಿದ್ದರೆ ದೋಷ ಆಲ್ಟರ್ನೇಟರಿನದು, ನಮ್ಮ ಕಡೆಯವರು ಈಗಲೂ ‘ಡೈನಮೊ’ ಎನ್ನುವ ಭಾಗದ್ದು. ಅದನ್ನು ಸರಿಪಡಿಸದೆ ಎಂಥ ಬ್ಯಾಟರಿ ಹಾಕಿದರೂ ಹಣ ದಂಡ.

ಕೊಳ್ಳಲೇಬೇಕಾಗಿ ಬಂದರೆ ಮೊದಲು ಹಳೆಯದರ ಮೈಮೇಲಿನ ಅಂಕಿ ಓದಿಕೊಳ್ಳಬೇಕು. ಸಣ್ಣ ಕಾರುಗಳಲ್ಲಿ ಬಹಳವಾಗಿ ಕಾಣುವ ‘38ಬಿ20ಎಲ್’ ಎಂಬುದನ್ನೇ ತೆಗೆದುಕೊಳ್ಳಿ. ಇದು ಜಪಾನಿನ ಮಾನಕ. 38 ಎಂಬುದು ಸಾಮರ್ಥ್ಯದ ದರ್ಜೆ, ಬಿ ಎಂಬುದು ಅಗಲ-ಎತ್ತರದ ಗುಂಪು, 20 ಉದ್ದದ ಸೆಂಟಿಮೀಟರು, ಕೊನೆಯ ಅಕ್ಷರ ಟರ್ಮಿನಲ್ಲುಗಳು ಯಾವ ಬದಿಗಿವೆ ಎಂಬುದರ ಗುರುತು. ‘ಎಲ್’ ಇರಬೇಕಾದಲ್ಲಿ ‘ಆರ್’ ತಂದರೆ ಕೇಬಲ್ಲು ಮುಟ್ಟುವುದಿಲ್ಲ. ಎಳೆದು ಮುಟ್ಟಿಸಹೋದರೆ ಧನ-ಋಣ ಅದಲುಬದಲಾಗಿ ಎಲೆಕ್ಟ್ರಾನಿಕ್ಸ್ ಸುಡುವ ಭಯ.

ಎರಡನೆಯದು ತಯಾರಾದ ದಿನಾಂಕ. ಎಕ್ಸೈಡೋ ಅಮರಾನೋ ಎಂಬ ಕಟ್ಟೆಪುರಾಣಕ್ಕಿಂತ ಇದು ಮುಖ್ಯ. (ಎಸ್‌ಎಫ್ ಸೋನಿಕ್ ಬೇರೆ ಎಂದುಕೊಂಡು ವಾದಿಸುವವರುಂಟು, ಅದೂ ಎಕ್ಸೈಡ್ ಮನೆಯದೇ.) ಆಮ್ಲ ತುಂಬಿದ ಬ್ಯಾಟರಿ ಕಪಾಟಿನಲ್ಲಿದ್ದರೂ ತಿಂಗಳಿಗೆ ಶೇ. 3ರಿಂದ 5ರಷ್ಟು ಬರಿದಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಒಂದು ವರ್ಷ ಧೂಳು ತಿಂದ ಬ್ಯಾಟರಿಯಲ್ಲಿ ಕಲ್ಲುಸಕ್ಕರೆಯ ಕೆಲಸ ಅಂಗಡಿಯಲ್ಲೇ ಶುರುವಾಗಿರುತ್ತದೆ. ಮೂರು ತಿಂಗಳೊಳಗೆ ತಯಾರಾದದ್ದನ್ನು ಕೇಳಬೇಕು, ಮೀಟರು ಹಚ್ಚಿ 12.6 ತೋರಿಸಲು ಹೇಳಬೇಕು. ಯಾವ ಬ್ಯಾಟರಿಗೆ ನಮ್ಮೂರಲ್ಲಿ ಹೆಚ್ಚು ಗಿರಾಕಿಯೋ, ಯಾವ ಅಂಗಡಿಯಲ್ಲಿ ಮಾಲು ಬೇಗ ಖಾಲಿಯಾಗುತ್ತದೆಯೋ ಅದೇ ತಾಜಾ ಇರುವ ಸಂಭವ ಹೆಚ್ಚು. ಕಾಗವಾಡದವರಿಗೆ ಕೆಟ್ಟರೆ ಮಿರಜಿಗೋ ಅಥಣಿಗೋ ಹೊತ್ತೊಯ್ಯಬೇಕಾಗುವ ಬ್ಯಾಟರಿಗಿಂತ, ಊರಿನ ಅಂಗಡಿಯವನೇ ವಾರಂಟಿ ನೋಡಿಕೊಳ್ಳುವ ಬ್ಯಾಟರಿ ಮೇಲು.

ವಾರಂಟಿಯ ತಿಂಗಳುಗಳನ್ನು ಕೂಡಿಸಿ ನೋಡಿ ಮೋಸಹೋಗಬಾರದು. ಅದರಲ್ಲಿ ಮೊದಲ ಪಾಲಿಗೆ ಮಾತ್ರ ಪುಕ್ಕಟೆ ಬದಲಿ, ಉಳಿದದ್ದಕ್ಕೆ ಕಳೆದ ತಿಂಗಳುಗಳ ಲೆಕ್ಕದಲ್ಲಿ ರಿಯಾಯಿತಿ. ಇನ್ನೊಂದು ಮಾತು ಸಣ್ಣಕ್ಷರದಲ್ಲಿರುತ್ತದೆ: ಬರೀ ಚಾರ್ಜ್ ಇಳಿದದ್ದು ತಯಾರಿಕೆಯ ದೋಷವಲ್ಲ. ನಿಲ್ಲಿಸಿಟ್ಟ ಕಾರಿನವರಿಗೆ ವಾರಂಟಿ ಕೈಕೊಡುವುದು ಇಲ್ಲಿಯೇ.

ಬಗೆಗಳ ವಿಷಯದಲ್ಲಿ ತಲೆಕೆಡಿಸಿಕೊಳ್ಳುವುದು ಬೇಡ. ಹಳೆಯ ಕಾಲದ, ಪದೇ ಪದೇ ಡಿಸ್ಟಿಲ್ಡ್ ವಾಟರ್ ಕೇಳುತ್ತಿದ್ದ ಆಂಟಿಮನಿ ಬೆರಕೆಯ ಜಾಲರಿಗಿಂತ ಕ್ಯಾಲ್ಸಿಯಂ ಬೆರಕೆಯ ‘ಮೇಂಟೆನೆನ್ಸ್ ಫ್ರೀ’ ಬ್ಯಾಟರಿ ತಾನಾಗಿ ಬರಿದಾಗುವುದು ಬಹಳ ನಿಧಾನ. ನಿಲ್ಲುವ ಕಾರಿಗೆ ಅದೇ ಸರಿ. ಆದರೆ ಒಮ್ಮೆ ತಳಮಟ್ಟಕ್ಕೆ ಇಳಿಯಿತೋ, ಹಳೆಯದರಷ್ಟು ಸುಲಭವಾಗಿ ಚೇತರಿಸಿಕೊಳ್ಳುವುದಿಲ್ಲ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರಿಗೆ ಕಂಪನಿ ಹಾಕಿದ ಇಎಫ್‌ಬಿ ಅಥವಾ ಎಜಿಎಂ ಬಗೆಯನ್ನೇ ಮತ್ತೆ ಹಾಕಬೇಕು. ಉಳಿದ ಕಾರಿಗೆ ಎಜಿಎಂ ದುಬಾರಿ ಶೋಕಿ, ಬಾನೆಟ್ಟಿನ ಶಾಖವೂ ಅದಕ್ಕೆ ಆಗಿಬರುವುದಿಲ್ಲ. ಜಾಹೀರಾತಿನಲ್ಲಿ ಮೆರೆಯುವ ‘ಕೋಲ್ಡ್ ಕ್ರ್ಯಾಂಕಿಂಗ್’ ಅಂಕಿಯನ್ನು ಅಳೆಯುವುದು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ. ರಾಯಬಾಗದಲ್ಲಿ ಆ ಚಳಿ ಬೀಳುವ ಮಾತಿಲ್ಲ. ಇನ್ನು 35ರ ಬದಲು 45 ಆಂಪಿಯರ್-ಗಂಟೆಯದನ್ನು ಹಾಕಿಸಿದರೆ? ಮೇಲಿನ ಸೋರಿಕೆಯ ಲೆಕ್ಕದಲ್ಲಿ ಎರಡು ವಾರ ಹೆಚ್ಚು ನಿಲ್ಲುತ್ತದೆ, ಅಷ್ಟೇ. ಟ್ರೇಯಲ್ಲಿ ಕೂತು ಕ್ಲ್ಯಾಂಪು ಬಿಗಿಯಾಗದಿದ್ದರೆ ಆ ಲಾಭವೂ ಬೇಡ.

ಹೆಚ್ಚಿನ ಹಣವನ್ನು ದೊಡ್ಡ ಬ್ಯಾಟರಿಗೆ ಸುರಿಯುವ ಬದಲು ಒಂದು ಚಿಕ್ಕ ಆಟೊಮ್ಯಾಟಿಕ್ ಚಾರ್ಜರಿಗೆ ಹಾಕುವುದು ಜಾಣತನ. ‘ದಿನಾ ಹತ್ತು ನಿಮಿಷ ಚಾಲೂ ಮಾಡಿ ಇಡ್ತೀವಿ’ ಎಂಬ ಉಪಾಯ ಸಮಾಧಾನಕ್ಕಷ್ಟೇ ಸರಿ. ನಿಂತಲ್ಲೇ ಗುರುಗುಟ್ಟುವ ಎಂಜಿನ್ನಿನಲ್ಲಿ ಆಲ್ಟರ್ನೇಟರು ಕೊಡುವುದು ಕಡಿಮೆ, ಪೆಟ್ರೋಲು ಹೋಗುವುದು ಖಚಿತ. ಮೇಲಾಗಿ ಸೀಸದ ಬ್ಯಾಟರಿ ಮೊದಲ ಭಾಗವನ್ನು ಗಬಗಬನೆ ತುಂಬಿಕೊಂಡರೂ ಕೊನೆಯ ಐದನೇ ಒಂದು ಪಾಲಿಗೆ ಗಂಟೆಗಟ್ಟಲೆ ಸಮಯ ಕೇಳುತ್ತದೆ. ನಿಪ್ಪಾಣಿಯಿಂದ ಚಿಕ್ಕೋಡಿಗೆ ಸುಮಾರು 25 ಕಿ.ಮೀ. ಓಡಿಸಿದರೂ ಅರ್ಧ ಬರಿದಾದದ್ದು ಪೂರ್ತಿ ತುಂಬುವುದಿಲ್ಲ. 35 ಆಂಪಿಯರ್-ಗಂಟೆಯ ಬ್ಯಾಟರಿಗೆ ಮೂರು-ನಾಲ್ಕು ಆಂಪಿಯರಿನ ಚಾರ್ಜರು ಸಾಕು. ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ಸಲ, ರಾತ್ರಿಯಿಡೀ ಹಚ್ಚಿಟ್ಟರಾಯಿತು. ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ಜೋಡಿಸಿ ತುಂಬುವ ಸಾಹಸ ಬೇಡ. ಅದು ನೂರೈವತ್ತು ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯ ಅಳತೆಗೆ ಕರೆಂಟು ತಳ್ಳುತ್ತದೆ. ಚಾರ್ಜ್ ಮಾಡುವ ಜಾಗದಲ್ಲಿ ಗಾಳಿ ಆಡುತ್ತಿರಬೇಕು, ಬೀಡಿ-ದೀಪ ಹತ್ತಿರ ಸುಳಿಯಬಾರದು. ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ. 4 ಸೇರಿದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ.

ಶೆಡ್ಡಿನಲ್ಲಿ ಪ್ಲಗ್ಗೇ ಇಲ್ಲದವರು ತಗಡಿನ ಮೇಲೆ 10 ವ್ಯಾಟಿನ ಸೋಲಾರ್ ಫಲಕ ಮತ್ತು ಒಂದು ಚಾರ್ಜ್ ಕಂಟ್ರೋಲರು ಹಾಕಿಸಬಹುದು. ನಮ್ಮ ಸೀಮೆಯ ಬಿಸಿಲಿಗೆ ದಿನದ ಸೋರಿಕೆ ತುಂಬಿ ಮಿಗುತ್ತದೆ. ಅದೂ ಬೇಡವೆಂದರೆ ಹತ್ತರ ಪಾನಾ ಹಿಡಿದು ಋಣ ಟರ್ಮಿನಲ್ ಕಳಚಿಡುವುದು. ಕಾರಿನ ಮೈಯೆಲ್ಲ ಋಣಕ್ಕೇ ಜೋಡಣೆಯಾಗಿರುವುದರಿಂದ ಮೊದಲು ಋಣವನ್ನೇ ಬಿಚ್ಚಬೇಕು. ಧನವನ್ನು ಮೊದಲು ಬಿಚ್ಚಹೋಗಿ ಪಾನಾ ತಗಡಿಗೆ ತಾಗಿದರೆ ಕಿಡಿ ಹಾರುತ್ತದೆ. 2019 ಮತ್ತು 2021ರಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿದಂತೆ ಮತ್ತೆ ಉಕ್ಕುವ ಸೂಚನೆ ಕಂಡಾಗ, ಕಾರನ್ನು ಎತ್ತರಕ್ಕೆ ಒಯ್ಯಲಾಗದವರು ಮಾಡಬೇಕಾದ ಮೊದಲ ಕೆಲಸವೂ ಇದೇ.

ಇಷ್ಟಾಗಿಯೂ ಕೂತುಬಿಟ್ಟರೆ ಪಕ್ಕದ ಮನೆಯ ಕಾರು ಅಥವಾ 12 ವೋಲ್ಟಿನ ಟ್ರ್ಯಾಕ್ಟರಿನಿಂದ ಜಂಪ್ ಕೊಡಬಹುದು. ಕಬ್ಬಿನ ಹಂಗಾಮಿನಲ್ಲಿ ಉಗಾರ ಖುರ್ದದ ಕಾರ್ಖಾನೆಯ ದಾರಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳು ಕೈಗೆಟುಕುವಂತಿದ್ದರೂ ಅವುಗಳ ಹತ್ತಿರ ಹೋಗಬಾರದು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿ ಸರಣಿಯಲ್ಲಿ ಕೂತು 24 ವೋಲ್ಟ್ ಆಗಿರುತ್ತವೆ, ಕಾರಿನ ಕಂಪ್ಯೂಟರು ಅಷ್ಟನ್ನು ತಾಳುವುದಿಲ್ಲ.

ಹಳೆಯ ಬ್ಯಾಟರಿಯನ್ನು ಗುಜರಿ ಗಾಡಿಯವನಿಗೆ ಮಾರಬೇಡಿ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಬಯಲಲ್ಲಿ ಒಡೆದು ಕರಗಿಸಿದರೆ ಅದರ ಧೂಳು ಮಕ್ಕಳ ಮಿದುಳಿಗೆ ವಿಷ, ಚೆಲ್ಲಿದ ಆಮ್ಲ ಹೊಲಕ್ಕೆ ಕೇಡು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಬೆಲೆ ಬಿಲ್ಲಿನಲ್ಲಿ ಕಳೆದಿದೆಯೇ ಎಂದು ನೋಡಿಕೊಳ್ಳಿ.