ತಡೆಯ ಮುಂದೆ ನಿಲ್ಲುವ ಕುದುರೆ

ಸವಾರಿ ಪಾಠದಲ್ಲಿ ಕಷ್ಟದ ಕುದುರೆ ಎನಿಸಿಕೊಳ್ಳುವುದು ಸಾಮಾನ್ಯವಾಗಿ ಮೂರು ಬಗೆ: ತಡೆಯ ಮುಂದೆ ಗಕ್ಕನೆ ನಿಲ್ಲುವಂಥದ್ದು, ಪಕ್ಕಕ್ಕೆ ನುಸುಳಿ ಓಡುವಂಥದ್ದು, ಸವಾರನಿಗೆ ಕಿವಿಗೊಡದೆ ತಡೆಯತ್ತ ನುಗ್ಗುವಂಥದ್ದು. ಮೂರನ್ನೂ ಹಠಮಾರಿ ಎಂದು ಕರೆದು ಚಾಟಿ ಎತ್ತುವುದು ರೂಢಿ, ಅದು ಅನ್ಯಾಯ. ಬೆನ್ನಿಗೆ ಒತ್ತುವ ತಡಿ, ಹಲ್ಲುನೋವು, ಕಾಲುನೋವು, ಹಿಂದೊಮ್ಮೆ ಹಾರುವಾಗ ಬಾಯಿಗೆ ಬಿದ್ದ ಲಗಾಮಿನ ಜಗ್ಗು, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಆದ್ದರಿಂದ ಪಾಠಕ್ಕೆ ಮೊದಲು ಪಶುವೈದ್ಯರ ತಪಾಸಣೆ ಆಗಬೇಕು, ತಡಿಯ ಪರೀಕ್ಷೆ ಆಗಬೇಕು.

ಎಲ್ಲಕ್ಕಿಂತ ಬೆರಗಿನ ವಿಷಯ ಕುದುರೆಯ ಕಣ್ಣು. ತಲೆಯ ಎರಡೂ ಪಕ್ಕದಲ್ಲಿರುವ ಕಣ್ಣುಗಳಿಂದ ಅದು ಸುಮಾರು 350 ಡಿಗ್ರಿಯಷ್ಟು ಸುತ್ತಲೂ ನೋಡಬಲ್ಲದು. ಆದರೆ ಹಣೆಯ ನೇರ ಮುಂದೆ ಮತ್ತು ಮೂತಿಯ ಕೆಳಗೆ ಏನೂ ಕಾಣದ ಜಾಗವಿದೆ. ದೂರದಿಂದ ಚೆನ್ನಾಗಿ ಕಂಡ ಅಡ್ಡಗಂಬ, ನೆಗೆಯುವ ಹೊತ್ತಿಗೆ ಅಲ್ಲಿಗೆ ಸರಿದು ಮರೆಯಾಗುತ್ತದೆ. ಕುದುರೆ ಹಾರುವುದು ಕೆಲವು ಹೆಜ್ಜೆ ಹಿಂದೆ ಕಂಡದ್ದರ ನೆನಪಿನ ಬಲದಿಂದ! ಬಣ್ಣದ ವಿಷಯವೂ ಹಾಗೆಯೇ ವಿಚಿತ್ರ. ಮನುಷ್ಯರ ಕಣ್ಣಿಗೆ ಹೊಡೆದು ಕಾಣುವ ಕಿತ್ತಳೆ ಬಣ್ಣ ಕುದುರೆಗೆ ಹುಲ್ಲಿನ ಹಸಿರಿನೊಂದಿಗೆ ಬೆರೆತುಹೋಗುತ್ತದೆ. ಎಕ್ಸೆಟರ್ ವಿಶ್ವವಿದ್ಯಾಲಯದ ಅಧ್ಯಯನದ ಬಳಿಕ ಬ್ರಿಟನ್ನಿನ ರೇಸ್ ಮೈದಾನಗಳು 2022ರಿಂದ ತಡೆಗಳ ಕಿತ್ತಳೆ ಪಟ್ಟಿಗಳಿಗೆ ಬಿಳಿ ಬಣ್ಣ ಕೊಡತೊಡಗಿದವು. ಇಷ್ಟು ತಿಳಿದ ಸವಾರ ಕೊನೆಯ ಹೆಜ್ಜೆಗಳಲ್ಲಿ ಲಗಾಮು ಬಿಗಿದು ಕುದುರೆಯ ತಲೆಯನ್ನು ಕಟ್ಟಿಹಾಕುವುದಿಲ್ಲ. ತಲೆ ಎತ್ತಿ ಇಳಿಸಿ ತಡೆಯನ್ನು ಅಳೆಯಲು ಬಿಡುತ್ತಾನೆ.

ಧೈರ್ಯ ಕಟ್ಟುವುದು ಹಂತ ಹಂತವಾಗಿ. ಮೊದಲು ನೆಲದ ಮೇಲೆ ಹಾಸಿದ ಕಂಬಗಳು. ಟ್ರಾಟ್ ಓಟಕ್ಕೆ ಅವುಗಳ ನಡುವೆ ಸುಮಾರು 1.3 ಮೀಟರ್ ಅಂತರ. ಆಮೇಲೆ ಎರಡು ಕಂಬಗಳನ್ನು ಕತ್ತರಿಯಾಕಾರದಲ್ಲಿ ನಿಲ್ಲಿಸಿದ ಕಿರುತಡೆ. ನಡುವೆ ತಗ್ಗಿರುವುದರಿಂದ ಕುದುರೆ ತಾನಾಗಿ ಮಧ್ಯಕ್ಕೆ ಬರುತ್ತದೆ. ಕೊನೆಗೆ ಸಾಲುತಡೆ. ಕ್ಯಾಂಟರ್ ಓಟದ ಒಂದು ದಾಪು ಸುಮಾರು 3.6 ಮೀಟರ್. ಇಳಿಯಲು 1.8, ಮತ್ತೆ ನೆಗೆಯಲು 1.8 ಮೀಟರ್ ಸೇರಿಸಿ, ನಡುವೆ ಒಂದು ದಾಪು ಹಿಡಿಸುವಂತೆ ಎರಡು ತಡೆಗಳನ್ನು ಸುಮಾರು 7.2 ಮೀಟರ್ ಅಂತರದಲ್ಲಿ ನಿಲ್ಲಿಸುತ್ತಾರೆ. ಗಿಡ್ಡ ಕುದುರೆಗೆ ಅಂತರ ತಗ್ಗಿಸಬೇಕು. ಅಳತೆ ಸರಿಯಿದ್ದರೆ ಎಲ್ಲಿ ನೆಗೆಯಬೇಕೆಂಬುದು ಕುದುರೆಗೇ ಹೊಳೆಯುತ್ತದೆ. ಸವಾರ ಸಮತೋಲ ಕಾಯ್ದುಕೊಂಡರೆ ಸಾಕು. ಕುದುರೆಯ ಕೊರಳಿಗೆ ಪಟ್ಟಿ ಕಟ್ಟಿ ಅದನ್ನು ಹಿಡಿದುಕೊಂಡರೆ, ಹೆದರಿದ ಕೈ ಲಗಾಮನ್ನು ಜಗ್ಗುವುದು ತಪ್ಪುತ್ತದೆ. ಕುದುರೆ ನಿಂತುಬಿಟ್ಟರೆ ತಡೆ ಇಳಿಸಿ ಮತ್ತೆ ದಾಟಿಸಬೇಕು. ಒಂದು ಒಳ್ಳೆಯ ಹಾರಿಕೆ ಸಿಕ್ಕೊಡನೆ ಅಂದಿನ ಪಾಠ ಮುಗಿಸಬೇಕು.

ಕನ್ನಡ ನಾಡಿಗೆ ಕುದುರೆ ಹೊಸತಲ್ಲ. ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ಮೊದಲ ಮಹಾಯುದ್ಧದ ವೇಳೆ 1918ರ ಸೆಪ್ಟೆಂಬರ್ 23ರ ಹೈಫಾ ಗೆಲುವಿನಲ್ಲಿ ಪಾಲ್ಗೊಂಡಿತ್ತು. ಈ ಕಾಲದ ಹೆಮ್ಮೆ ಬೆಂಗಳೂರಿನ ಫವಾದ್ ಮಿರ್ಜಾ, ಕುದುರೆ ವೈದ್ಯರ ಮಗ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯಲ್ಲಿ ಅವರು ಗೆದ್ದ ಬೆಳ್ಳಿ, 1982ರ ಬಳಿಕ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಏಷ್ಯಾಡ್ ಪದಕ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯ ಕ್ರಾಸ್ ಕಂಟ್ರಿ ಸುತ್ತಿನಲ್ಲಿ ಅವರ ಕುದುರೆ ಸೈನರ್ ಮೆಡಿಕಾಟ್ ಗಳಿಸಿದ 11.20 ದಂಡಾಂಕವೆಲ್ಲ ಸಮಯ ಮೀರಿದ್ದಕ್ಕೆ. ಒಂದು ತಡೆಯ ಮುಂದೆ ನಿಂತಿದ್ದರೂ 20 ದಂಡಾಂಕ ಬೀಳುತ್ತಿತ್ತು. ಅದು ಎಲ್ಲಿಯೂ ನಿಲ್ಲಲಿಲ್ಲ. ಹಾರಿಕೆಯ ಸುತ್ತುಗಳಲ್ಲಿ ಕಂಬಗಳು ಉರುಳಿದರೂ ಜೋಡಿ ಫೈನಲ್ ಮುಟ್ಟಿ 23ನೇ ಸ್ಥಾನ ಪಡೆಯಿತು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಿಂದ ಮಕ್ಕಳನ್ನು ಬೆಂಗಳೂರಿನ ಸವಾರಿ ಶಾಲೆಗೆ ಕಳಿಸಬಯಸುವ ಪೋಷಕರು ಮೊದಲು ಒಂದು ಪಾಠವನ್ನು ಅಂಚಿನಲ್ಲಿ ನಿಂತು ನೋಡಬೇಕು. ಕುದುರೆ ನಿಂತಾಗ ಗುರುಗಳು ಚಾಟಿ ಎತ್ತುತ್ತಾರೆಯೇ, ತಡೆ ಇಳಿಸುತ್ತಾರೆಯೇ ಎಂಬುದನ್ನು ಗಮನಿಸಬೇಕು. ತಡೆ ಇಳಿಸುವ ಶಾಲೆಗೇ ಮಕ್ಕಳನ್ನು ಸೇರಿಸಿ.