ಕಿವಿಯೇ ಪುಸ್ತಕವಾಗಿದ್ದ ಕಾಲ

ಸುಮಾರು 1,600 ವರ್ಷಗಳ ಹಿಂದಿನ ಮಾತು. ಉತ್ತರ ಆಫ್ರಿಕದ ಓಯಾ, ಅಂದರೆ ಇಂದಿನ ಲಿಬಿಯದ ಟ್ರಿಪೋಲಿ ನಗರದ ಚರ್ಚಿನಲ್ಲಿ ಪ್ರವಾದಿ ಯೋನನ ಗ್ರಂಥವನ್ನು ಓದಲಾಗುತ್ತಿತ್ತು. ಯೋನನಿಗೆ ನೆರಳು ಕೊಟ್ಟ ಬಳ್ಳಿಯ ಪ್ರಸಂಗ ಬಂದಾಗ ಜನ ಗಲಾಟೆ ಎಬ್ಬಿಸಿದರು. ಅಂದು ಓದಿದ್ದು ಜೆರೋಮ್ ಮಾಡಿದ ಹೊಸ ಲ್ಯಾಟಿನ್ ಅನುವಾದ. ಅದರಲ್ಲಿ ಹಳೆಯ ಸೋರೆಬಳ್ಳಿ ಹೋಗಿ ಐವಿ ಎಂಬ ಬೇರೊಂದು ಬಳ್ಳಿ ಬಂದಿತ್ತು! ಜನರೆಲ್ಲ ತನ್ನನ್ನು ಬಿಟ್ಟುಹೋದಾರೆಂದು ಹೆದರಿದ ಬಿಷಪ್, ಆ ಪದವನ್ನು ತಿದ್ದಲೇಬೇಕಾಯಿತು. ಅಗಸ್ಟೀನ್ 403ರಲ್ಲಿ ಜೆರೋಮನಿಗೆ ಬರೆದ ಪತ್ರ ಹಾಗೂ ಜೆರೋಮನ ಉತ್ತರದಿಂದ ಈ ಸಂಗತಿ ತಿಳಿದುಬರುತ್ತದೆ.

ಒಂದು ಬಳ್ಳಿಗಾಗಿ ಇಷ್ಟೊಂದು ರಂಪವೇಕೆ? ಅಚ್ಚಿನ ಯಂತ್ರವಿಲ್ಲದ ಆ ಕಾಲದಲ್ಲಿ ಪ್ರತಿ ಪುಸ್ತಕವನ್ನೂ ಕೈಯಿಂದಲೇ ನಕಲು ಮಾಡಬೇಕಿತ್ತು. ಬಹುಪಾಲು ಜನರಿಗೆ ಓದು ಬಾರದು. ಅವರ ಪಾಲಿಗೆ ಧರ್ಮಗ್ರಂಥವೆಂದರೆ ವರ್ಷಗಟ್ಟಲೆ ಕೇಳಿ ಮನಸ್ಸಿನಲ್ಲಿ ನಿಂತ ಮಾತು.

ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಚಿಂತಕ ಸುಮಾರು 155ರಲ್ಲಿ ಚಕ್ರವರ್ತಿಗೆ ಬರೆದ ಮನವಿಯಲ್ಲಿ ಭಾನುವಾರದ ಕೂಟದ ವಿವರವಿದೆ. ಅಪೊಸ್ತಲರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿರುವಷ್ಟು ಹೊತ್ತು ಓದಲಾಗುತ್ತಿತ್ತು. ಬಳಿಕ ಸಭೆಯ ಮುಖ್ಯಸ್ಥ ಅದರ ಅರ್ಥವನ್ನು ಬಿಡಿಸಿ, ಕೇಳಿದ್ದನ್ನು ಬಾಳಿನಲ್ಲಿ ನಡೆಸಿರೆಂದು ಬೋಧಿಸುತ್ತಿದ್ದ. ನಂತರ ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಿದ್ದರು. ಓದಿ ವಿವರಿಸುವ ಈ ಪದ್ಧತಿ ಯೆಹೂದ್ಯರ ಸಭಾಮಂದಿರಗಳಲ್ಲಿ ಅದಕ್ಕೂ ಮೊದಲೇ ಇತ್ತು.

ಹೀಗಾಗಿ ಓದುವವನಿಗೆ ಚರ್ಚಿನಲ್ಲಿ ವಿಶೇಷ ಸ್ಥಾನ. ಕ್ರಮೇಣ ‘ವಾಚಕ’ ಎಂಬ ಹುದ್ದೆಯೇ ಹುಟ್ಟಿತು. ಆ ಹುದ್ದೆ ಅಪಾಯದ್ದೂ ಆಗಿತ್ತು. 303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಅದೇ ವರ್ಷ ಮೇ 19ರಂದು ಸಿರ್ಟಾದಲ್ಲಿ (ಇಂದಿನ ಅಲ್ಜೀರಿಯದ ಕಾನ್‌ಸ್ಟಂಟೈನ್) ಅಧಿಕಾರಿಗಳು ಚರ್ಚನ್ನು ಶೋಧಿಸಿದಾಗ ಸಿಕ್ಕಿದ್ದು ಒಂದೇ ದೊಡ್ಡ ಗ್ರಂಥ. ಉಳಿದವು ವಾಚಕರ ಮನೆಗಳಲ್ಲಿದ್ದವು. ಆ ವಾಚಕರು ಯಾರೆಂದು ಹೇಳಲು ಇಬ್ಬರು ಚರ್ಚ್ ಸೇವಕರು ಒಪ್ಪದೆ ಸೆರೆಯಾದರು. ಬೇರೆಯವರು ಮನೆಗಳನ್ನು ತೋರಿಸಿದರು. 30ಕ್ಕೂ ಹೆಚ್ಚು ಗ್ರಂಥಗಳು ಸರ್ಕಾರದ ವಶವಾದವು. ಅವುಗಳನ್ನು ಒಪ್ಪಿಸಿದ ವಾಚಕರಲ್ಲಿ ಒಬ್ಬ ಶಾಲೆಯ ಮೇಷ್ಟರು.

ಗ್ರಂಥ ಒಪ್ಪಿಸಿದವರು ದ್ರೋಹಿಗಳೇ ಅಲ್ಲವೇ ಎಂಬ ವಾದ ಆಫ್ರಿಕದ ಚರ್ಚನ್ನು ಎರಡಾಗಿ ಸೀಳಿತು. ಆ ಒಡಕು ನೂರು ವರ್ಷ ದಾಟಿದರೂ ಕೂಡಲಿಲ್ಲ. ಆದರೆ ಜನರ ಕಿವಿಯಲ್ಲಿ ನೆಲೆಸಿದ ಗ್ರಂಥವನ್ನು ವಶಪಡಿಸಿಕೊಳ್ಳುವ ಆಜ್ಞೆ ಯಾವ ಚಕ್ರವರ್ತಿಯ ಬಳಿಯೂ ಇರಲಿಲ್ಲ. ಬಳ್ಳಿಯ ಹೆಸರು ಬದಲಾದೊಡನೆ ಓಯಾದ ಜನ ಅದನ್ನು ಹಿಡಿದದ್ದು ಆ ಕಿವಿಯಿಂದಲೇ.