ಈ ಹೇರು ಯಾರದು?

ಶಹಾಪುರ ತಾಲೂಕಿನ ವನದುರ್ಗದ ಸುತ್ತಮುತ್ತ ಏಪ್ರಿಲ್ ಬಂತೆಂದರೆ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ. ಈ ಬಿಸಿಲನ್ನು ಲೆಕ್ಕಕ್ಕೆ ಹಿಡಿದೇ ಸರ್ಕಾರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆಸಿ ಮಧ್ಯಾಹ್ನ ಒಂದೂವರೆಗೆ ಬಿಡಿಸುತ್ತದೆ. ಗುಮಾಸ್ತರಿಗೆ ಸಿಕ್ಕ ಇಂಥ ಸವಲತ್ತು ಎತ್ತಿಗೂ ಕಾನೂನಿನಲ್ಲಿದೆ, ಅದೂ 1965ರಿಂದ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ ಕೇಂದ್ರ ಸರ್ಕಾರ ಆ ವರ್ಷ ಮಾಡಿದ ನಿಯಮಗಳ ಪ್ರಕಾರ, ಉಷ್ಣಾಂಶ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಪ್ರಾಣಿಯನ್ನು ಗಾಡಿಗೆ ಹೂಡಕೂಡದು. ದಿನಕ್ಕೆ ಒಟ್ಟು 9 ತಾಸು, ಬಿಡುವಿಲ್ಲದೆ ಸತತ 5 ತಾಸು ಮೀರಿ ದುಡಿಸಕೂಡದು. ಮೊಳೆ ಬಡಿದ ಬಾರುಕೋಲು ಬಳಸಕೂಡದು. ಹೇರಿಗೂ ಮಿತಿಯಿದೆ: 200 ಕಿಲೊ ಮೀರದ ಸಣ್ಣ ಎತ್ತೊಂದಕ್ಕೆ, ರಬ್ಬರ್ ಟೈರಿಲ್ಲದ ಎರಡು ಗಾಲಿಯ ಗಾಡಿಯಾದರೆ, 500 ಕಿಲೊ. ಹೀಗಿದ್ದ ಮೇಲೆ ಯಾದಗಿರಿ ಜಿಲ್ಲೆಯ ಸುಡುಬೇಸಿಗೆಯ ನಡುಮಧ್ಯಾಹ್ನ ಹೇರು ಹೊತ್ತ ಎತ್ತಿನ ಗಾಡಿ ರಸ್ತೆಯ ಮೇಲೆ ಕಾಣಿಸಲೇಬಾರದು. ಕಾಣಿಸುತ್ತದೆ, ನೂರು ಜನ ನೋಡಿ ಮುಂದೆ ಹೋಗುತ್ತಾರೆ. ಅಪರೂಪಕ್ಕೊಬ್ಬರು ತಮ್ಮ ವಾಹನ ನಿಲ್ಲಿಸಿ, ಇಳಿದು, ಹೀಗೇಕೆ ಹೊಡೆಯುತ್ತೀ ಎಂದು ಗಾಡಿಯವನನ್ನು ಕೇಳುತ್ತಾರೆ. ಕೇಳಲೇಬೇಕು ಎಂಬುದು ನನ್ನ ನಿಲುವು. ಆದರೆ ಆ ಪ್ರಶ್ನೆ ಬಾರುಕೋಲು ಹಿಡಿದವನ ಬಳಿಯೇ ನಿಂತುಬಿಟ್ಟರೆ ಎತ್ತಿನ ಹೆಗಲು ಹಗುರಾಗುವುದಿಲ್ಲ. ಅದು ಹೇರಿನ ಮಾಲಕರ ತನಕ ಹೋಗಬೇಕು.

ಹೊಡೆತ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡಬೇಕು. ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ಶಹಾಪುರ, ಸುರಪುರಗಳನ್ನು ಹಾದು ಹೋಗುತ್ತದೆ. ಕೃಷ್ಣೆಯ ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ, ಹತ್ತಿ ಹೆಚ್ಚಿದವು, ಅವುಗಳ ಬೆನ್ನಿಗೇ ಲಾರಿ, ಟ್ರ್ಯಾಕ್ಟರ್‌ಗಳೂ ಹೆಚ್ಚಿದವು. ಲಾಳ ಕಟ್ಟಿಸಿಕೊಂಡ ಎತ್ತು ಡಾಂಬರಿನ ಮೇಲೆ ಜಾರುತ್ತದೆ. ಹೇರು ಮುಂದಕ್ಕೆ ವಾಲಿದರೆ ಅಷ್ಟೂ ಭಾರ ನೊಗದ ಮೂಲಕ ಹೆಗಲ ಮೇಲೆ ಕೂರುತ್ತದೆ. ಹಿಂದಕ್ಕೆ ವಾಲಿದರೆ ನೊಗ ಮೇಲೆದ್ದು ಕೊರಳ ಹಗ್ಗ ಗಂಟಲನ್ನು ಒತ್ತುತ್ತದೆ. ಬಾಯಿ ತೆರೆದು ತೇಕುವುದು, ಜೊಲ್ಲು ಸುರಿಸುವುದು, ನಾಲಿಗೆ ಹೊರಚಾಚುವುದು, ಇವೆಲ್ಲ ಮೈಯ ಕಾವು ಇಳಿಸಿಕೊಳ್ಳಲಾಗದ ದನ ತೋರುವ ಗುರುತುಗಳು. ಅಂಥ ಹೊತ್ತಿನಲ್ಲಿ ಎತ್ತು ತಾನಾಗಿ ನಿಧಾನಿಸುತ್ತದೆ, ನಿಂತೂ ಬಿಡುತ್ತದೆ. ಹೊಲದ ದಾರಿಯಲ್ಲಾದರೆ ಗಾಡಿಯವನೂ ನಿಲ್ಲುತ್ತಿದ್ದ. ಹೆದ್ದಾರಿಯಲ್ಲಿ ಅವನ ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತದೆ, ಅದರ ಹಿಂದೆ ಕಾರು, ಕಾರಿನ ಹಿಂದೆ ಬೈಕು. ಬಾಲ ತಿರುವುವುದು, ಬೆನ್ನಿಗೆ ಬಾರಿಸುವುದು ಬಹಳಷ್ಟು ಸಲ ಆ ಹಾರ್ನಿಗೆ ಕೊಟ್ಟ ಉತ್ತರ. ಹೊಡೆತವನ್ನು ಕಂಡು ಮರುಗುವ ನಾವು ಆ ಹೊಡೆತಕ್ಕೆ ಕಾರಣರಾದವರಲ್ಲಿ ಒಬ್ಬರು ಎಂಬುದನ್ನು ಒಪ್ಪಿಕೊಂಡೇ ಗಾಡಿಯವನ ಹತ್ತಿರ ಹೋಗಬೇಕು. ಬೈಯಲು ಹೋದವರಿಂದ ತಪ್ಪಿಸಿಕೊಳ್ಳಲು ಅವನು ಎತ್ತನ್ನು ಇನ್ನೆರಡು ಬಾರಿಸಿ ಓಡಿಸಿದರೆ ಆ ಕಾಳಜಿಯ ಬೆಲೆಯನ್ನೂ ಎತ್ತೇ ತೆತ್ತಂತಾಯಿತು.

ಕಾನೂನಿದೆಯಲ್ಲ, ಪೊಲೀಸರು ನೋಡಿಕೊಳ್ಳಲಿ, ದಾರಿಹೋಕರಿಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಕಾನೂನಿನ ಬಲ ಎಷ್ಟೆಂದು ತಿಳಿದರೆ ಈ ಮಾತು ನಿಲ್ಲುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಹೊಡೆಯುವುದು, ಒದೆಯುವುದು, ಮಿತಿಮೀರಿ ಹೇರುವುದು, ಹುಣ್ಣಾದ ಅಥವಾ ಮುಪ್ಪಾದ ಪ್ರಾಣಿಯನ್ನು ದುಡಿಸುವುದು ಎಲ್ಲವನ್ನೂ ಅಪರಾಧವೆನ್ನುತ್ತದೆ. ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ! ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೆ ಮೂರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹೊಡೆಯುವುದು, ಮಿತಿಮೀರಿ ಹೇರುವುದು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧಗಳ ಸಾಲಿನಲ್ಲಿ ಬರುವುದಿಲ್ಲ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಯನ್ನೂ ಮಾಡುವಂತಿಲ್ಲ. ಪ್ರಾಣಿಯನ್ನು ಕೊಂದರೆ, ಊನಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಐದು ವರ್ಷದವರೆಗೆ ಸೆರೆ ಹೇಳುತ್ತದೆ ನಿಜ. ಆದರೆ ದಿನದಿನವೂ ಸವೆಸುವ ಹಿಂಸೆ ಆ ಕಲಮಿನ ಕೈಗೆ ಸಿಗುವುದಿಲ್ಲ. 2014ರ ಮೇ 7ರಂದು, ಜಲ್ಲಿಕಟ್ಟು ಕುರಿತ ನಾಗರಾಜ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಈ ದಂಡ ಸಾಲದು, ಸಂಸತ್ತು ಕಾಯ್ದೆಯನ್ನು ತಿದ್ದಬೇಕು ಎಂದಿತ್ತು. ಜೀವಿಗಳ ಬಗ್ಗೆ ಅನುಕಂಪ ತೋರುವುದು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ದಂಡ ಇಷ್ಟು ಅಗ್ಗವಾಗಿರುವಾಗ ರಸ್ತೆಯಲ್ಲಿ ಕೇಳುವ ಬಾಯಿಯೊಂದು ಪೊಲೀಸ್ ಠಾಣೆಗಿಂತ ಹೆಚ್ಚು ಕೆಲಸ ಮಾಡಬಲ್ಲದು.

ಕೇಳುವುದಕ್ಕೂ ತಡೆಯುವುದಕ್ಕೂ ನಡುವೆ ಒಂದು ಗೆರೆಯಿದೆ. ನಮ್ಮ ರಾಜ್ಯ ಆ ಗೆರೆ ಅಳಿಸಿಹೋದದ್ದನ್ನೂ ಕಂಡಿದೆ. 2023ರ ಮಾರ್ಚ್ ಕೊನೆಯ ರಾತ್ರಿ ಕನಕಪುರ ತಾಲೂಕಿನ ಸಾತನೂರಿನಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನವನ್ನು ಗೋರಕ್ಷಕರೆಂದು ಹೇಳಿಕೊಂಡವರು ಅಡ್ಡಗಟ್ಟಿದರು. ಮರುದಿನ ಆ ವಾಹನದಲ್ಲಿದ್ದ ಒಬ್ಬರ ಶವ ಸಿಕ್ಕಿತು, ಕೊಲೆ ಪ್ರಕರಣ ದಾಖಲಾಯಿತು. ಇಂಥ ಗುಂಪುಗಳನ್ನು ತಡೆಯಲು ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2018ರ ಜುಲೈನಲ್ಲೇ ಆದೇಶಿಸಿತ್ತು. ಪ್ರಾಣಿಯ ಹೆಸರಿನಲ್ಲಿ ಮನುಷ್ಯನ ಮೈಮೇಲೆ ಕೈಮಾಡುವುದಕ್ಕೆ ನನ್ನ ವಾದದಲ್ಲಿ ಎಳ್ಳಷ್ಟೂ ಜಾಗವಿಲ್ಲ. ಕಾಯ್ದೆಯೂ ಇಲ್ಲಿ ಸ್ಪಷ್ಟವಾಗಿದೆ: ಪ್ರಾಣಿಯನ್ನು ವಶಕ್ಕೆ ಪಡೆಯುವ ಅಧಿಕಾರ ಕಾನ್‌ಸ್ಟೆಬಲ್‌ಗಿಂತ ಮೇಲಿನ ದರ್ಜೆಯ ಪೊಲೀಸರಿಗೆ, ಇಲ್ಲವೆ ಸರ್ಕಾರ ನೇಮಿಸಿದವರಿಗೆ ಮಾತ್ರ. ದಾರಿಹೋಕರು ಕೀಲಿ ಕಿತ್ತುಕೊಳ್ಳುವಂತಿಲ್ಲ, ಹಗ್ಗ ಬಿಚ್ಚುವಂತಿಲ್ಲ, ಚಾಲಕನ ಜಾತಿ ಧರ್ಮ ಕೇಳುವಂತಿಲ್ಲ. ಕೇಳಬಹುದು, ಫೋಟೊ ತೆಗೆಯಬಹುದು, ವಾಹನದ ನಂಬರು, ಹೊತ್ತು, ಜಾಗ ಬರೆದುಕೊಳ್ಳಬಹುದು, 112ಕ್ಕೆ ಕರೆ ಮಾಡಬಹುದು, ಪ್ರಾಣಿ ಬಿದ್ದಿದ್ದರೆ ಪಶು ಚಿಕಿತ್ಸೆಯ 1962ಕ್ಕೆ ತಿಳಿಸಬಹುದು. “ಕಾಕಾ, ಎತ್ತು ಭಾಳ ದಣದಾವ, ಒಂದ್ ತಾಸು ಕೊಳ್ಳ ಹರೀರಿ” ಎಂದು ಹೇಳಿ, ಅವರು ಗಾಡಿಯನ್ನು ನೆರಳಿಗೆ ಎಳೆಯುವ ತನಕ ಹಿಂದಿನ ವಾಹನಗಳನ್ನು ಕೈಯೆತ್ತಿ ನಿಧಾನಿಸಿದರೆ ಆ ಹೊತ್ತಿನ ಕೆಲಸ ಆಗುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಹೊಟ್ಟೆಪಾಡಿನದು. ಕಲ್ಕತ್ತೆಯಲ್ಲಿ ಪ್ರಾಣಿ ದಯಾ ಸಂಘ ಹುಟ್ಟಿದ್ದು 1861ರಲ್ಲಿ. ಅದೇ ನಗರದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೋಣದ ಗಾಡಿ ಓಡಿಸಬಾರದೆಂಬ ಕಟ್ಟಳೆ ಬಂದಾಗ, 1930ರ ಏಪ್ರಿಲ್ 1ರಂದು ಗಾಡಿಯವರು ರಸ್ತೆಗೆ ಗಾಡಿಗಳನ್ನೇ ಅಡ್ಡ ನಿಲ್ಲಿಸಿ ಮುಷ್ಕರ ಹೂಡಿದರು. ಪೊಲೀಸರು ಗುಂಡು ಹಾರಿಸಿದರು, ಗಾಡಿಯವರು ಸತ್ತರು. ಪ್ರಾಣಿಗೆ ಬಿಡುವು ಕೊಡಿಸಿದ ಕಟ್ಟಳೆ ಆ ಮೂರು ತಾಸಿನ ಕೂಲಿಯನ್ನು ಯಾರು ತುಂಬಿಕೊಡಬೇಕು ಎಂದು ಯೋಚಿಸಿರಲಿಲ್ಲ. ಇವತ್ತಿಗೂ ಆ ಪ್ರಶ್ನೆಗೆ ಉತ್ತರವಿಲ್ಲ. ಹೇರಿನ ಮೇಲೆ ಬಾಡಿಗೆ ಸಿಗುವ ಗಾಡಿಯವನು ಎರಡು ಹೇರನ್ನು ಒಂದಾಗಿಸುತ್ತಾನೆ. ಸಂಜೆಯೊಳಗೆ ಮಾಲು ಮುಟ್ಟಬೇಕೆಂಬ ವ್ಯಾಪಾರಿ ಅವನನ್ನು ಮಧ್ಯಾಹ್ನವೇ ರಸ್ತೆಗೆ ಇಳಿಸುತ್ತಾನೆ. ಎತ್ತು ಸತ್ತರೆ ಮುಳುಗುವವನು ಗಾಡಿಯವನೇ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಎತ್ತನ್ನು ಪೂಜಿಸುವ ಕೈಯೇ ಬಾರುಕೋಲನ್ನೂ ಬೀಸುತ್ತದೆ ಎಂದರೆ ಆ ಕೈಯ ಹಿಂದೆ ಇನ್ನೊಂದು ಕೈ ಇದೆ. ಬಡತನ ಹಿಂಸೆಯನ್ನು ಅರ್ಥ ಮಾಡಿಸುತ್ತದೆ, ಆದರೆ ಸರಿಯೆನ್ನಿಸುವುದಿಲ್ಲ. ಅದಕ್ಕೇ ಗಾಡಿಯವನನ್ನು ಕೇಳಬೇಕಾದ ಎರಡನೆಯ ಪ್ರಶ್ನೆ, ಈ ಹೇರು ಯಾರದು?

ಪ್ರಾಣಿಗಳನ್ನೇ ಹೇರಿ ಸಾಗಿಸುವ ಲಾರಿ, ಪಿಕಪ್‌ಗಳಿಗೆ ಈ ಪ್ರಶ್ನೆ ಇನ್ನೂ ಹೆಚ್ಚು ಸಲ್ಲುತ್ತದೆ. 1978ರ ಪ್ರಾಣಿ ಸಾಗಾಟ ನಿಯಮಗಳಂತೆ ಸರಕು ವಾಹನವೊಂದರಲ್ಲಿ ಆರಕ್ಕಿಂತ ಹೆಚ್ಚು ದನ ಸಾಗಿಸಕೂಡದು, ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು. 2016ರಿಂದ ಜಾರಿಯಲ್ಲಿರುವ ಮೋಟಾರು ವಾಹನ ನಿಯಮ ಒಂದು ದನಕ್ಕೆ 2 ಚದರ ಮೀಟರ್, ಒಂದು ಕುರಿಗೆ 0.3 ಚದರ ಮೀಟರ್ ಜಾಗವನ್ನೂ, ನಡುವೆ ಅಡ್ಡಗೋಡೆಯನ್ನೂ ಕೇಳುತ್ತದೆ. ಇವು ಸುಮ್ಮನೆ ಬರೆದ ಅಂಕಿಗಳಲ್ಲ. ಕಾಲು ಕಟ್ಟಿ ಮಗ್ಗುಲಾಗಿ ಕೆಡವಿದ ಮೆಲುಕಾಡುವ ಪ್ರಾಣಿಗೆ ಹೊಟ್ಟೆಯ ಗಾಳಿಯನ್ನು ತೇಗಿ ಹೊರಹಾಕಲು ಆಗುವುದಿಲ್ಲ. ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ. ತುಂಬಿ ತುಳುಕುವ ಗಾಡಿಯಲ್ಲಿ ಒಮ್ಮೆ ಬಿದ್ದದ್ದು ಮತ್ತೆ ಏಳುವುದಿಲ್ಲ. ಎಷ್ಟು ತುಂಬಬೇಕೆಂದು ಸಾಮಾನ್ಯವಾಗಿ ತೀರ್ಮಾನಿಸುವವರು ಸಂತೆಯಲ್ಲಿ ಕೊಂಡವರು. ಸ್ಟಿಯರಿಂಗ್ ಹಿಡಿದವನು ಟ್ರಿಪ್ಪಿಗೆ ದುಡಿಯುವ ಹುಡುಗ.

ಸಂಪ್ರದಾಯದ ಮಾತೆತ್ತುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಟ್ಟಿದೆ. ಯಾದಗಿರಿ ತಾಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯ ಮಲ್ಲಯ್ಯನ ಜಾತ್ರೆಗೆ ಬರುವ ಭಕ್ತರು ಪಲ್ಲಕ್ಕಿಯ ಮೇಲೆ ಭಂಡಾರದ ಜೊತೆ ಜೀವಂತ ಕುರಿಮರಿಗಳನ್ನೂ ಎಸೆಯುತ್ತಿದ್ದರು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ಊರಿಗೆ ಬರುವ ದಾರಿಗಳಲ್ಲಿ ಚೆಕ್‌ಪೋಸ್ಟ್ ಹಾಕಿ, ವಾಹನ ತಪಾಸಿಸಿ ನೂರಾರು ಮರಿಗಳನ್ನು ವಶಕ್ಕೆ ಪಡೆಯುತ್ತ ಬಂದಿದೆ. ಕಣ್ತಪ್ಪಿಸಿ ಎಸೆಯುವವರು ಇನ್ನೂ ಇದ್ದಾರೆ, ಆದರೂ ಭಕ್ತಿ ಕುಂದಿಲ್ಲ, ಜಾತ್ರೆ ನಿಂತಿಲ್ಲ. ಅಲ್ಲಿ ರಸ್ತೆಯಲ್ಲಿ ನಿಂತು ಕೇಳಿದವರಿಗೆ ಅಧಿಕಾರವಿತ್ತು, ಏನನ್ನು ತರಬಾರದೆಂದು ಭಕ್ತರಿಗೆ ಮೊದಲೇ ಗೊತ್ತಿತ್ತು. ವರ್ಷಕ್ಕೊಮ್ಮೆ ಮೈಲಾಪುರದ ದಾರಿಯಲ್ಲಿ ಆಗುವುದನ್ನು ಉಳಿದ ದಿನಗಳಲ್ಲಿ ಹೆದ್ದಾರಿಯಲ್ಲಿ ಏಕೆ ಮಾಡಬಾರದು? ಪ್ರತಿ ಜಿಲ್ಲೆಯಲ್ಲಿ ಪ್ರಾಣಿ ದಯಾ ಸಂಘ ಇರಬೇಕೆಂಬ ನಿಯಮ 2001ರಿಂದ ಇದೆ. ಹೇರು ಮಿತಿಮೀರಿದೆ ಎಂಬ ಅನುಮಾನ ಬಂದರೆ ಗಾಡಿಯನ್ನು ತೂಕದ ಕಟ್ಟೆಗೆ ಒಯ್ಯಿಸುವ ಅಧಿಕಾರವನ್ನು 1965ರ ನಿಯಮಗಳು ಪೊಲೀಸರಿಗೆ ಕೊಟ್ಟಿವೆ. ಶಹಾಪುರ, ಯಾದಗಿರಿಯ ಎಪಿಎಂಸಿ ಅಂಗಳಕ್ಕೆ ಬರುವ ಮಾಲಿಗೆ ತೂಕದ ಚೀಟಿ ಹೇಗೂ ಆಗುತ್ತದೆ, ಅದರಲ್ಲಿ ಮಾಲಕರ ಹೆಸರೂ ಇರುತ್ತದೆ. ಬೇಸಿಗೆಯ ಮೂರು ತಿಂಗಳು 12ರಿಂದ 3ರವರೆಗೆ ಎತ್ತಿನ ಗಾಡಿಯ ಮಾಲು ಇಳಿಸಿಕೊಳ್ಳುವುದಿಲ್ಲವೆಂದು ಅಂಗಳದ ಬಾಗಿಲಲ್ಲಿ ಬರೆಸಿ, ಪಕ್ಕದಲ್ಲಿ ನೀರಿನ ತೊಟ್ಟಿ, ನೆರಳು ಮಾಡಿಸಿ, ಮಿತಿಮೀರಿದ ಹೇರಿನ ದಂಡವನ್ನು ಮಾಲಕರ ಲೆಕ್ಕದಲ್ಲಿ ಮುರಿದುಕೊಂಡರೆ, ಗಾಡಿಯವನು ಮಧ್ಯಾಹ್ನ ರಸ್ತೆಗೆ ಇಳಿಯಲು ಕಾರಣವೇ ಉಳಿಯುವುದಿಲ್ಲ.